ಸಮ್ಹಾಳ ಜ್ವರಪಟ್ಟಿ

ಎರಡು ಪೆಟ್ಟಿಗೆ ನನ್ನ ಸುಪರ್ದಿಗೆ:
ಎಡದ್ದು ಮೂವತ್ತಮೂರು ಡಿಗ್ರಿ, ಬಲದ್ದು ಮೂವತ್ತೊಂಬತ್ತೂವರೆ.
ನಡುವೆ ಒಂದು ಗೇಣು ಜಾಗ,
ಅಲ್ಲಿ ಚಹಾದ ಲೋಟ ಇಡಬಾರದೆಂದು
ಡಾಕ್ಟರ್ ಸಲ್ವಾ ಚೀಟಿ ಅಂಟಿಸಿದ್ದಾರೆ.

ಇಪ್ಪತ್ತಾರನೇ ತಳಿಯನ್ನು ಎಡಕ್ಕಿಟ್ಟರೆ
ಮೂರು ರಾತ್ರಿ ಕಳೆಯುವುದರೊಳಗೆ ತಟ್ಟೆಯ ತುಂಬ ತೂತು,
ನುಸಿ ತಿಂದ ರೇಷ್ಮೆಯ ಹಾಗೆ.
ಬಲಕ್ಕಿಟ್ಟರೆ ಏನೂ ಇಲ್ಲ. ಜೀವಕೋಶಗಳು
ಒತ್ತೊತ್ತಾಗಿ ಮಲಗಿಯೇ ಇರುತ್ತವೆ.
ಯಾವುದೋ ಒಂದು ಪ್ರೋಟೀನು, ಒಂದೇ ಅಕ್ಷರ ತಪ್ಪಿದ್ದು,
ಸೆಕೆಗೆ ಮಡಿಕೆ ಬಿಚ್ಚಿ ಕುಸಿಯುತ್ತದಂತೆ.
ಮದ್ದು ಹಾಕಿ ನಾವೇ ತಪ್ಪಿಸಿದ ಅಕ್ಷರ.

ಯಾಕೆ ಅಂದರೆ, ಕೊಲ್ಲುವ ಕಸುವು
ಎಲ್ಲಿ ಅಡಗಿದೆ ಅಂತ ನೋಡಲು;
ಗಡಿಯಾರ ಯಾಕೆ ನಡೆಯುತ್ತದೆಂದು ತಿಳಿಯಲು
ಚಕ್ರದ ಒಂದೊಂದೇ ಹಲ್ಲು ಮುರಿದ ಹಾಗೆ.
ಮೊಲಗಳು ಬದುಕಿದವು. ಮೂಗಿನ ತುದಿಯ ತಂಪಿನಲ್ಲಿ
ಒಂದಿಷ್ಟು ಬೆಳೆಯಿತು, ಅಷ್ಟೆ;
ಶ್ವಾಸಕೋಶದ ಬಿಸಿಗೆ ಇಳಿಯಲಾರದೆ ಹೊಸ್ತಿಲಲ್ಲೇ ಸತ್ತಿತು.
ಸಲ್ವಾ ಅವತ್ತು ಖರ್ಜೂರದ ಡಬ್ಬಿ ತೆರೆದರು.

ಆಮೇಲೆ ಒಂಟೆಗಳು.

ಆಗಸ್ಟ್. ಬುರೈಮಿ. ಹೊರಗೆ ನಲವತ್ತೆಂಟು.
ಹನ್ನೆರಡೂವರೆಯಿಂದ ಮೂರೂವರೆವರೆಗೆ
ಸರಕಾರವೇ ಕೆಲಸ ನಿಲ್ಲಿಸಿದ ಹೊತ್ತು.
ಎದುರಿನ ಕಟ್ಟಡದ ಹುಡುಗರು ಕಾಂಕ್ರೀಟ್ ಕೊಳವೆಯೊಳಗೆ
ಮುಖಕ್ಕೆ ಟವೆಲು ಹೊದ್ದು ಮಲಗಿರುತ್ತಾರೆ.
ನಾನು ಕೊಟ್ಟಿಗೆಗೆ ಹೋಗುವುದು ಆಗಲೇ, ಮೂರಕ್ಕೆ.
ಬಾಲ ಎತ್ತಿ ಥರ್ಮಾಮೀಟರ್ ಇಟ್ಟು ಬರೆಯುವುದು:
ಹತ್ತನೇ ನಂಬರು, ಮೂವತ್ತೆಂಟು.
ಹನ್ನೊಂದು, ಮೂವತ್ತೆಂಟೂ ಚಿಲ್ಲರೆ.
ಹನ್ನೆರಡು, ನಲವತ್ತೂ ಕಾಲು.
ಬಿಸಿಯಿದ್ದಷ್ಟೂ ಒಳ್ಳೆಯದೇ ಅಂದುಕೊಂಡೆ. ಆ ಕಾವಿನಲ್ಲಿ
ನಮ್ಮ ಕುಂಟ ವೈರಸ್ಸಿಗೆ ಎಲ್ಲಿಯ ಉಳಿಗಾಲ?

ಹನ್ನೆರಡರ ತುಟಿಯ ಮೇಲೆ ಗುಳ್ಳೆ ಎದ್ದವು.
ಅವರೆಕಾಳಿನಷ್ಟು ದಪ್ಪ, ಒಂಬತ್ತು.

ಸಲ್ವಾಗೆ ನಿದ್ದೆಯಿಲ್ಲ. ಹುಟ್ಟುಗುಣ ಮರಳಿ ಬಂತೇ,
ತಪ್ಪಿದ ಅಕ್ಷರ ತನ್ನನ್ನು ತಾನೇ ತಿದ್ದಿಕೊಂಡಿತೇ?
ಗುಳ್ಳೆಯ ನೀರು ತಂದು ಎರಡೂ ಪೆಟ್ಟಿಗೆಗೆ ಇಟ್ಟೆ.
ಎಡಕ್ಕೆ ತೂತು. ಬಲಕ್ಕೆ ನಯವಾದ ಹಾಸು.
ಅದೇ ಕುಂಟ. ತಿದ್ದಿಕೊಂಡಿರಲಿಲ್ಲ.

ದಾದ್ ಕರೀಮನನ್ನು ಯಾರೂ ಕೇಳಿರಲಿಲ್ಲ.
ಮೇವು ಹಾಕುವವನು, ಮೂರು ತಲೆಮಾರಿಂದ ಇಲ್ಲೇ ಬೇರುಬಿಟ್ಟ ಬಲೋಚಿ,
ಹನ್ನೆರಡನ್ನು ಸಮ್ಹಾ ಅನ್ನುತ್ತಾನೆ.
‘ಬೆನಡಿಕ್ಟಾ, ಬೆಳಗಿನ ಜಾವ ಮುಟ್ಟಿದ್ದೀಯಾ ಅವಳನ್ನು?
ಫಜರ್ ನಮಾಜು ಮುಗಿಸಿ ನಾನು ಬರುವಾಗ
ತೊಡೆಸಂದು ನೀರಿನ ಮಡಕೆಯ ಹಾಗೆ ತಣ್ಣಗಿರುತ್ತದೆ.’

ಮರುದಿನ ನಾಲ್ಕೂವರೆಗೆ ಹೋದೆ, ಕೂದಲು ಕಟ್ಟದೆ.
ಮೂವತ್ತನಾಲ್ಕು ಪಾಯಿಂಟ್ ಮೂರು.
ಒರೆಸಿ ಮತ್ತೆ ಇಟ್ಟೆ. ಅದೇ.
ನನ್ನ ಎಡದ ಪೆಟ್ಟಿಗೆ
ಎದುರು ನಿಂತು ಮೆಲುಕು ಹಾಕುತ್ತಿತ್ತು.

‘ನೀರು ಸಿಗದ ಒಂಟೆ ಬೆವರುವುದಿಲ್ಲ,’ ಅಂದ ಕರೀಮ,
‘ಹಗಲಿನ ಬಿಸಿಯನ್ನು ಒಳಗೇ ಸಾಲ ಇಟ್ಟುಕೊಂಡು
ರಾತ್ರಿ ಮರಳಿಗೆ ತೀರಿಸುತ್ತದೆ.’
ಹನ್ನೆರಡರ ತೊಟ್ಟಿಯ ತೇಲುಗುಂಡು ಕಚ್ಚಿಕೊಂಡಿತ್ತು;
ತಳದಲ್ಲಿ ಉಪ್ಪಿನ ಗೆರೆ, ಒಂದು ಸತ್ತ ಜೀರುಂಡೆ.
ದಿನಕ್ಕೊಂದು ಬಕೆಟ್ಟು ಅವನೇ ಹೊತ್ತು ಹಾಕಿದ್ದಾನೆ,
ಆಫೀಸಿಗೆ ಮೂರು ಸಲ ಹೇಳಿದ್ದಾನೆ.

ನನ್ನ ಪಟ್ಟಿಯಲ್ಲಿ ಹದಿನಾರು ದಿನ, ಹದಿನಾರು ಮಧ್ಯಾಹ್ನ.
ಒಂದೇ ಒಂದು ನಸುಕು ಇಲ್ಲ.

ಸಲ್ವಾ ಹೊಸ ಅರ್ಜಿ ಬರೆದಿದ್ದಾರೆ: ಆರು ಒಂಟೆ,
ಮೂರಕ್ಕೆ ನೀರು, ಮೂರಕ್ಕೆ ಇಲ್ಲ, ಹದಿನಾಲ್ಕು ದಿನ.
ಮಾಡದಿದ್ದರೆ ಯಾರೂ ನಂಬುವುದಿಲ್ಲ; ಅದು ನನಗೂ ಗೊತ್ತು.
ಕರೀಮ ತಂತಿಯಿಂದ ತೇಲುಗುಂಡು ಬಿಗಿಯುತ್ತಾ
ತಲೆ ಎತ್ತದೆ ಕೇಳಿದ: ‘ಯಾವ ಮೂರು?’

ಸಮ್ಹಾ ಕುಡಿಯುತ್ತಲೇ ಇದ್ದಳು, ಹತ್ತು ನಿಮಿಷ, ಹನ್ನೊಂದು,
ತಗ್ಗಿದ ಕತ್ತಿನೊಳಗೆ ಒಂದೊಂದೇ ಗುಟುಕು
ಇಲಿಯ ಹಾಗೆ ಮೇಲಕ್ಕೆ ಓಡುತ್ತ.
ನಾನು ಪಟ್ಟಿಗೆ ಇನ್ನೊಂದು ಗೆರೆ ಎಳೆದೆ.
ತಲೆಬರಹಕ್ಕೆ ‘ನಸುಕು’ ಅಂತ ಕನ್ನಡದಲ್ಲೇ ಬರೆದುಬಿಟ್ಟಿದ್ದೆ;
ಹೊಡೆದು ಹಾಕಲಿಲ್ಲ.